ಹೂ ಮುಗಿದ ಕುಂಡವನ್ನು ಬಚ್ಚಲ ಹಿಂದೆ ಸರಿಸುವ ಮುನ್ನ

ದೇವಿಕೊಪ್ಪದ ಸ್ವಸಹಾಯ ಸಂಘಗಳ ಅಕ್ಕ-ತಂಗಿಯರಿಗೆ, ಅಂಗಳದ ಕುಂಡಗಳಿಗೆ ದಿನಾ ನೀರು ಹಾಕುವ ಅತ್ತೆಯಂದಿರಿಗೆ, ರಜೆಯಲ್ಲಿ ಆ ಕೆಲಸ ತಲೆಗೆ ಬೀಳುವ ಶಾಲೆ ಮಕ್ಕಳಿಗೆ ನಮಸ್ಕಾರ.

ಯುಗಾದಿಯ ಹಿಂದೆಮುಂದೆ ಧಾರವಾಡ ಸೀಮೆಯ ಯಾವ ಹಳ್ಳಿಯ ಓಣಿ ಹೊಕ್ಕರೂ ಒಂದಿಲ್ಲೊಂದು ಕಟ್ಟೆಯ ಮೇಲೆ ಕೆಂಪು ಲಿಲ್ಲಿ ತುತ್ತೂರಿ ಅರಳಿಸಿ ನಿಂತಿರುತ್ತದೆ. ನರ್ಸರಿಯವರು ಅದನ್ನು ಅಮರಿಲ್ಲಿಸ್ ಎಂದು ಮಾರುತ್ತಾರೆ. ಸಸ್ಯಶಾಸ್ತ್ರದ ಪುಸ್ತಕದಲ್ಲಿ ಅದು ಹಿಪ್ಪಿಯಾಸ್ಟ್ರಮ್. ಮೊದಲ ಅಡ್ಡಮಳೆ ಬಿದ್ದ ಮೇಲೆ ಫುಟ್‌ಬಾಲ್ ಲಿಲ್ಲಿಯ ಸರದಿ. ಮೇ ತಿಂಗಳಲ್ಲಿ ಎಲೆಗಿಂತ ಮೊದಲೇ ಕೆಂಪು ಚೆಂಡು ಮೇಲೆದ್ದು, ಹೋಗಿ ಬರುವವರೆಲ್ಲ ನಿಂತು ನೋಡುತ್ತಾರೆ. ಆಮೇಲೆ ಹೂ ಬಾಡುತ್ತದೆ. ವಾರ ಕಳೆಯುವಷ್ಟರಲ್ಲಿ ಕುಂಡ ಬಚ್ಚಲ ಹಿಂದೆ ಹೋಗಿರುತ್ತದೆ. "ಹೂ ಆತು, ಇನ್ನೇನೈತಿ ಅದರಾಗ" ಎಂದು ಯಾರೋ ಎಲೆಯನ್ನೂ ಬುಡಕ್ಕೆ ಕೊಯ್ದು ಎಮ್ಮೆಯ ಮುಂದೆ ಹಾಕಲು ಹೊರಡುತ್ತಾರೆ. ಮರುವರ್ಷ ಆ ಕುಂಡದಲ್ಲಿ ನಾಲ್ಕು ಬಡಕಲು ಎಲೆ ಬಂದರೆ ಪುಣ್ಯ. ಗಡ್ಡೆ ಕೆಟ್ಟಿದೆ ಎಂದು ತೀರ್ಪಾಗುತ್ತದೆ.

ಗಡ್ಡೆ ಕೆಟ್ಟಿರುವುದಿಲ್ಲ, ಉಪವಾಸ ಬಿದ್ದಿರುತ್ತದೆ.

ಯುಗಾದಿಗೆ ಅರಳಿದ ಹೂವಿನ ಖರ್ಚೆಲ್ಲ ಹಿಂದಿನ ಮಳೆಗಾಲದ ಎಲೆಗಳು ಗಳಿಸಿಟ್ಟದ್ದು. ಬಿಸಿಲಿನಲ್ಲಿ ಎಲೆ ತಯಾರಿಸಿದ ಸಕ್ಕರೆ ಪಿಷ್ಟವಾಗಿ ಗಡ್ಡೆಯ ಪದರಗಳಲ್ಲಿ ತುಂಬಿಕೊಂಡಿತ್ತು. ದಂಟು, ಹೂ, ಪರಾಗ ಎಲ್ಲಕ್ಕೂ ಅದೇ ಬಂಡವಾಳ. ಹೂ ಉದುರಿದ ದಿನ ಗಡ್ಡೆಯನ್ನು ಹಿಸುಕಿ ನೋಡಿದರೆ ಮೊದಲಿಗಿಂತ ಮೆತ್ತಗೆ, ಸಡಿಲಾಗಿ ಸಿಗುವುದು ಅದಕ್ಕೇ. ಅಂದರೆ ನಾವು ಸೀಸನ್ ಮುಗಿಯಿತು ಎಂದುಕೊಳ್ಳುವ ದಿನ ಗಿಡದ ದುಡಿಮೆ ಶುರುವಾಗುತ್ತದೆ.

ಹಿಪ್ಪಿಯಾಸ್ಟ್ರಮ್ ವಿಚಾರದಲ್ಲಿ ಈ ಲೆಕ್ಕ ಇನ್ನೂ ಖಚಿತ. ನೆದರ್‌ಲೆಂಡ್ಸ್‌ನ ವಾಗೆನಿಂಗೆನ್‌ನಲ್ಲಿದ್ದ ಸಸ್ಯವಿಜ್ಞಾನಿ ಎ. ಎಚ್. ಬ್ಲಾವ್ 1931ರಲ್ಲಿ ಈ ಗಡ್ಡೆಯ ಒಳಗಿನ ವ್ಯವಸ್ಥೆಯ ಬಗ್ಗೆ ತಮ್ಮ ಅಧ್ಯಯನ ಪ್ರಕಟಿಸಿದರು. ಗಡ್ಡೆಯನ್ನು ಸೀಳಿ ನೋಡಿದರೆ ಒಳಗೆ ಒಂದು ನಿಯಮ ಕಾಣುತ್ತದೆ: ನಾಲ್ಕು ಎಲೆ, ಆಮೇಲೆ ಒಂದು ಹೂಮೊಗ್ಗು, ಮತ್ತೆ ನಾಲ್ಕು ಎಲೆ, ಮತ್ತೊಂದು ಮೊಗ್ಗು. ಆ ಮೊಗ್ಗು ಹುಟ್ಟಿದ ಮೇಲೆ ಹೊರಬಂದು ಅರಳಲು ಹೆಚ್ಚು ಕಡಿಮೆ ಒಂದು ವರ್ಷ ಬೇಕು. ಹಾಗಾಗಿ ಈ ಮಳೆಗಾಲದಲ್ಲಿ ಎಂಟು ಎಲೆ ಹೊರಡಿಸಿದ ಗಡ್ಡೆಯ ಹೊಟ್ಟೆಯಲ್ಲಿ ಎರಡು ದಂಟಿನ ತಯಾರಿ ಕೂತಿದೆ ಎಂದು ಲೆಕ್ಕ ಹಾಕಬಹುದು. ಮೂರೇ ಎಲೆಗೆ ಸುಸ್ತಾಗಿ ನಿಂತ ಗಡ್ಡೆಯಿಂದ ಏನೂ ನಿರೀಕ್ಷಿಸುವಂತಿಲ್ಲ. ತಯಾರಾದ ಮೊಗ್ಗು ಕೂಡ ಗಡ್ಡೆಯಲ್ಲಿ ಆಹಾರ ಸಾಲದಿದ್ದರೆ ಒಳಗೇ ಒಣಗಿ ಸಾಯುತ್ತದೆ. ಹೊರಗಿನವರಿಗೆ ಅದು ಗೊತ್ತೇ ಆಗುವುದಿಲ್ಲ.

ಎಲೆ ಉಳಿಸಬೇಕು, ಆದರೆ ಹೂವಿನ ತಲೆ ತೆಗೆಯಬೇಕು. ಬಾಡಿದ ಹೂವಿನ ಹಿಂದೆ ಹಸಿರು ಗುಬುಟು ದಪ್ಪಗಾಗುತ್ತಿದ್ದರೆ ಅದು ಬೀಜದ ಕಾಯಿ. ಬೀಜ ಕಟ್ಟಲು ಬಿಟ್ಟರೆ ಬಂಡವಾಳ ಅತ್ತ ಹರಿಯುತ್ತದೆ. ಕಾಯಿಯನ್ನಷ್ಟೇ ಚಿವುಟಿ, ದಂಟನ್ನು ಹಾಗೇ ಬಿಡಬೇಕು. ದಂಟೂ ಹಸಿರು, ಅದೂ ಒಂದಿಷ್ಟು ದುಡಿಯುತ್ತದೆ. ಹಳದಿಯಾಗಿ ಬಾಗಿದ ಮೇಲೆ ಕೈಯಿಂದ ಎಳೆದರೆ ಬರುತ್ತದೆ. ಕತ್ತರಿ, ಕುಡಗೋಲು ಹಚ್ಚುವುದಾದರೆ ಒಂದು ಕುಂಡದಿಂದ ಇನ್ನೊಂದಕ್ಕೆ ಹೋಗುವಾಗ ಅಲಗನ್ನು ಸೋಪಿನ ನೀರಲ್ಲಿ ತೊಳೆದು ಒರೆಸಬೇಕು. ಎಲೆಯ ಮೇಲೆ ಹಳದಿ-ಹಸಿರು ಗೆರೆಗೆರೆಯಾಗಿ ಕಾಣುವ ಮೊಸಾಯಿಕ್ ವೈರಸ್ ಗಿಡದ ರಸದ ಮೂಲಕ ಹರಡುತ್ತದೆ. ಅದಕ್ಕೆ ಔಷಧಿ ಇಲ್ಲ. ಅಂಥ ಗಡ್ಡೆ ಎಷ್ಟೇ ಪ್ರೀತಿಯದಾದರೂ ಸುಡುವುದೇ ಸರಿ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ವಸಂತದ ಗಡ್ಡೆಗಳ ಆರೈಕೆ ಎಂದು ಇಂಗ್ಲಿಷ್ ಪುಸ್ತಕಗಳಲ್ಲಿ, ಗಡ್ಡೆ ಪೊಟ್ಟಣದ ಹಿಂದೆ ಅಚ್ಚಾಗಿರುವ ಸೂಚನೆಗಳಲ್ಲಿ ಇರುವುದು ಟ್ಯೂಲಿಪ್, ಡ್ಯಾಫೋಡಿಲ್, ಹಯಸಿಂತ್‌ಗಳ ಮಾತು. ಹೂ ಮುಗಿದ ಮೇಲೆ ಆರು ವಾರ ಎಲೆ ಬಿಡಿ, ಆಮೇಲೆ ಬೇಸಿಗೆಯಲ್ಲಿ ಒಣಗಿಸಿಡಿ ಎನ್ನುತ್ತವೆ ಅವು. ಆ ಗಿಡಗಳ ಮೂಲ ಮೆಡಿಟರೇನಿಯನ್ ದಂಡೆ, ಮಧ್ಯ ಏಷ್ಯಾದ ಬೆಟ್ಟಗಳು. ಅಲ್ಲಿ ಚಳಿಗಾಲ ಒದ್ದೆ, ಬೇಸಿಗೆ ಒಣ. ಗಡ್ಡೆ ಬೇಸಿಗೆಯಲ್ಲಿ ಮಲಗುತ್ತದೆ. ನಮ್ಮ ಕಟ್ಟೆಯ ಕೆಂಪು ಲಿಲ್ಲಿಯ ತವರು ದಕ್ಷಿಣ ಅಮೆರಿಕ, ಫುಟ್‌ಬಾಲ್ ಲಿಲ್ಲಿಯ ತವರು ಸಹಾರಾದ ದಕ್ಷಿಣಕ್ಕಿರುವ ಆಫ್ರಿಕ. ಇವು ಮಳೆಯಲ್ಲಿ ಬೆಳೆದು ಒಣಚಳಿಯಲ್ಲಿ ಮಲಗುವ ಜಾತಿ. ಮೇ ತಿಂಗಳಲ್ಲಿ ನೀರು ನಿಲ್ಲಿಸಿ ಒಣಗಿಸುವುದೆಂದರೆ ದುಡಿಯುವ ಕಾಲಕ್ಕೆ ಕೈ ಕಟ್ಟಿಹಾಕಿದಂತೆ. ಆದ್ದರಿಂದ ಪೊಟ್ಟಣದ ಸೂಚನೆಯನ್ನು ಬದಿಗಿಟ್ಟು, ಗೋಡೆಗೆ ತೂಗುಹಾಕಿದ ಪಂಚಾಂಗ ನೋಡುವುದು ವಾಸಿ. ದೇವಿಕೊಪ್ಪದಂಥ ಊರಿಗೆ, ಅಂದರೆ ಕಲಘಟಗಿಯಿಂದ ಯಲ್ಲಾಪುರದ ಕಡೆ ಹೋಗುತ್ತ ಎರೆ ಸೀಮೆ ಹಿಂದೆ ಬಿದ್ದು ಕಾಡು ಹತ್ತಿರವಾಗುವ ಊರಿಗೆ, ಅದೇ ಒಪ್ಪುತ್ತದೆ.

ಹೂ ಬಿದ್ದ ದಿನದಿಂದ ಕಾರಹುಣ್ಣಿವೆಯವರೆಗೆ ಕುಂಡ ಬೆಳಗಿನ ಬಿಸಿಲು ಬೀಳುವ ಜಾಗದಲ್ಲಿರಲಿ. ಮಧ್ಯಾಹ್ನದ ಬಿಸಿಲು ಎಲೆಯ ತುದಿ ಸುಡುತ್ತದೆ, ಬಚ್ಚಲ ಹಿಂದಿನ ಕತ್ತಲೆ ಎಲೆಯನ್ನು ಉದ್ದಕ್ಕೆ ಜೋಲಾಡಿಸುತ್ತದೆ. ಮೇಲ್ಮಣ್ಣು ಬೆರಳಿಗೆ ಒಣಗಿ ಸಿಕ್ಕಾಗ ನೀರು. ಮಿರಗ ಕೂಡಿ ಮಣ್ಣು ತಂಪಾದ ಮೇಲೆ ಗೊಬ್ಬರ: ಎಂಟಿಂಚಿನ ಕುಂಡಕ್ಕೆ ತಿಂಗಳಿಗೊಮ್ಮೆ ಒಂದು ಹಿಡಿ ಎರೆಹುಳು ಗೊಬ್ಬರ ಇಲ್ಲವೇ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಜೊತೆಗೆ ಒಲೆಯ ಕಟ್ಟಿಗೆ ಬೂದಿ ಒಂದು ಚಮಚ. ಬೂದಿಯಲ್ಲಿರುವ ಪೊಟ್ಯಾಷ್ ಗಡ್ಡೆಗೆ ಬೇಕಾದದ್ದು. ಹೊಲಕ್ಕೆ ತಂದ ಯೂರಿಯಾ ಚೀಲ ಮೂಲೆಯಲ್ಲಿದೆಯೆಂದು ಒಂದು ಹಿಡಿ ತಂದು ಸುರಿಯುವ ಉತ್ಸಾಹ ಬೇಡ. ಎಲೆ ಸೊಂಪಾಗಿ ಬೆಳೆಯುತ್ತದೆ, ಗಡ್ಡೆ ಮೆತ್ತಗೆ ಕೊಳೆಯುತ್ತದೆ.

ಈ ಭಾಗದಲ್ಲಿ ಕುಂಡದ ಗಡ್ಡೆ ಸಾಯುವುದು ಹೆಚ್ಚಾಗಿ ಆರಿದ್ರಾದಿಂದ ಆಶ್ಲೇಷಾದ ನಡುವೆ. ಜೂನ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಪಶ್ಚಿಮದಿಂದ ಮಳೆ ಹಿಡಿದರೆ ದಿನಗಟ್ಟಲೆ ಬಿಡುವುದಿಲ್ಲ. ಅಣ್ಣಿಗೇರಿ, ನವಲಗುಂದದವರು ಮುಗಿಲು ನೋಡುತ್ತಿರುವಾಗ ಕಲಘಟಗಿಯ ಪಶ್ಚಿಮದ ಅಂಚಿನಲ್ಲಿ ಕುಂಡದ ತಟ್ಟೆ ತುಂಬಿ ನಿಂತಿರುತ್ತದೆ. ಆ ತಟ್ಟೆಯನ್ನು ಮೊದಲು ತೆಗೆಯಿರಿ. ತಳದ ತೂತು ಬೇರಿನಿಂದ ಮುಚ್ಚಿಕೊಂಡಿದೆಯೇ ಎಂದು ಕಡ್ಡಿ ಹಾಕಿ ನೋಡಿ, ಕುಂಡದ ಕೆಳಗೆ ಎರಡು ಹಂಚಿನ ಚೂರು ಕೊಟ್ಟು ನೆಲದಿಂದ ಎತ್ತರಿಸಿ. ಮಣ್ಣಿನ ಬಗ್ಗೆಯೂ ಎರಡು ಮಾತು: ನೆಂಟರ ಹೊಲದಿಂದ ಎರೆಮಣ್ಣು ತಂದು ತುಂಬುವವರಿದ್ದಾರೆ, ಅದು ಹತ್ತಿಗೆ, ಕಡಲೆಗೆ ಚಿನ್ನ. ಕುಂಡದಲ್ಲಿ ಅದೇ ಮಣ್ಣು ಮಳೆಗಾಲದಲ್ಲಿ ರಾಡಿ, ಬೇಸಿಗೆಯಲ್ಲಿ ಬಿರುಕು. ಊರಿನ ಮಸಾರಿ ಎರಡು ಪಾಲು, ಹಳೆಯ ತಿಪ್ಪೆಗೊಬ್ಬರ ಒಂದು ಪಾಲು, ಮರಳು ಒಂದು ಪಾಲು ಇದ್ದರೆ ನೀರು ಇಳಿದು ಹೋಗುತ್ತದೆ. ಕೆಂಪು ಲಿಲ್ಲಿಯ ಗಡ್ಡೆಯ ಮೂರನೇ ಒಂದು ಭಾಗ, ಕುತ್ತಿಗೆ ಸಮೇತ, ಮಣ್ಣಿನ ಮೇಲಿರಬೇಕು. ಪೂರ್ತಿ ಹೂತ ಗಡ್ಡೆಯ ಕುತ್ತಿಗೆಯಲ್ಲಿ ಮಳೆನೀರು ನಿಂತರೆ ಕೊಳೆ ಅಲ್ಲಿಂದಲೇ ಶುರು. ಫುಟ್‌ಬಾಲ್ ಲಿಲ್ಲಿಗೆ ಕುತ್ತಿಗೆ ಮಣ್ಣಿನ ಮಟ್ಟಕ್ಕಿದ್ದರೆ ಸಾಕು. ಅದಕ್ಕೆ ಪದೇಪದೇ ಕಿತ್ತು ನೆಡುವುದು ಹಿಡಿಸುವುದಿಲ್ಲ. ಮೂರು-ನಾಲ್ಕು ವರ್ಷ ಒಂದೇ ಕುಂಡದಲ್ಲಿ ಬಿಟ್ಟರೆ ಹೆಚ್ಚು ಚೆಂಡು ಬಿಡುತ್ತದೆ.

ಮಳೆಯ ಜೊತೆ ಬರುವ ಇನ್ನೊಬ್ಬ ಅತಿಥಿ ಲಿಲ್ಲಿ ಹುಳು. ಕಪ್ಪು ಮೈ, ಮೇಲೆ ಬಿಳಿ, ಹಳದಿ, ಕೆಂಪು ಚುಕ್ಕೆ, ನೋಡಲು ಚೆಂದವೇ. ಸಸ್ಯಕೀಟ ತಜ್ಞರು ಪಾಲಿಟೆಲಾ ಗ್ಲೋರಿಯೋಸೆ ಎಂದು ಕರೆಯುವ ಪತಂಗದ ಮರಿ ಅದು. ಗೌರಿಹೂವಿನ ಬಳ್ಳಿ, ಲಿಲ್ಲಿ ಜಾತಿ ಯಾವುದನ್ನೂ ಬಿಡುವುದಿಲ್ಲ. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಎಲೆಯ ಜಾಗದಲ್ಲಿ ಮೋಟು ಉಳಿದಿರುತ್ತದೆ. ಕೆಲವು ಸಲ ಎಲೆ ಮುಗಿಸಿ ಗಡ್ಡೆಯ ಕುತ್ತಿಗೆಗೂ ಇಳಿಯುತ್ತದೆ. ಕುಂಡ ಹತ್ತಿದ್ದರೆ ಬೆಳಿಗ್ಗೆ ಕಡ್ಡಿಯಿಂದ ಆಯ್ದು ಸೋಪಿನ ನೀರಿಗೆ ಹಾಕುವುದಕ್ಕಿಂತ ಒಳ್ಳೆಯ ಔಷಧಿ ಇಲ್ಲ. ಹೆಚ್ಚಾದರೆ 50 ಗ್ರಾಂ ಬೇವಿನ ಬೀಜದ ತಿರುಳು ಕುಟ್ಟಿ, ಒಂದು ಲೀಟರ್ ನೀರಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ, ಸ್ವಲ್ಪ ಸೋಪು ಕೂಡಿಸಿ ಸಂಜೆ ಸಿಂಪಡಿಸಬಹುದು. ಹುಳು ಕೋಶ ಕಟ್ಟುವುದು ಮಣ್ಣಿನಲ್ಲಿ. ಹಾಗಾಗಿ ಕಾಟ ಕಂಡ ಕುಂಡದ ಮೇಲ್ಮಣ್ಣನ್ನು ಬೆರಳುದ್ದ ಕೆದಕಿ ಕೋಶಗಳನ್ನು ಆರಿಸಿ ತೆಗೆದರೆ ಮುಂದಿನ ಪೀಳಿಗೆ ಕಡಿಮೆಯಾಗುತ್ತದೆ.

ಲಿಲ್ಲಿಯ ಎಲೆ ದನಕರುಗಳಿಗೆ ಮೇವಲ್ಲ ಎನ್ನುವುದನ್ನು ಬೇರೆಯಾಗಿಯೇ ಹೇಳಬೇಕು. ಲಿಲ್ಲಿಗಳ ಗಡ್ಡೆಯಲ್ಲಿ, ಎಲೆಯಲ್ಲಿ ಲೈಕೋರಿನ್‌ನಂಥ ಆಲ್ಕಲಾಯ್ಡ್‌ಗಳಿವೆ. ತಿಂದರೆ ವಾಂತಿ, ಭೇದಿ. ಆಡು, ಕರು, ನಾಯಿ, ಮಗು ಯಾರಿಗೂ ಆಗದು. ಗೌರಿಹೂವಿನ ಗಡ್ಡೆಯಲ್ಲಿರುವ ಕೋಲ್ಚಿಸಿನ್ ಇನ್ನೂ ಅಪಾಯಕಾರಿ, ಜೀವಕ್ಕೇ ಕುತ್ತು.

ಇದರ ಬೆನ್ನಿಗೇ ಒಂದು ಸೋಜಿಗ. 2009ರಲ್ಲಿ ಸಸ್ಯಶಾಸ್ತ್ರಜ್ಞರು ವಂಶವಾಹಿಗಳ ಆಧಾರದ ಮೇಲೆ ಹೂಗಿಡಗಳ ಕುಟುಂಬ ಪಟ್ಟಿಯನ್ನು ಮೂರನೇ ಸಲ ಪರಿಷ್ಕರಿಸಿದಾಗ ಉಳ್ಳಾಗಡ್ಡಿ, ಬಳ್ಳೊಳ್ಳಿಗಳನ್ನು ಅಮರಿಲ್ಲಿಸ್ ಕುಟುಂಬಕ್ಕೇ ಸೇರಿಸಿದರು. ಕಟ್ಟೆಯ ಮೇಲಿನ ಕೆಂಪು ಲಿಲ್ಲಿ, ಅಡುಗೆಮನೆಯ ಬುಟ್ಟಿಯ ಉಳ್ಳಾಗಡ್ಡಿ ಈಗ ದಾಖಲೆಯ ಪ್ರಕಾರ ಬೀಗರು. ಗಡ್ಡೆಯ ಆರೈಕೆಯನ್ನು ಧಾರವಾಡ ಜಿಲ್ಲೆಯವರಿಗೆ ಹೊರಗಿನವರು ಕಲಿಸಬೇಕಾಗಿಲ್ಲ ಎನ್ನುವುದಕ್ಕೆ ಈ ಬೀಗತನವೇ ಸಾಕ್ಷಿ. ನವಲಗುಂದ, ಕುಂದಗೋಳ, ಅಣ್ಣಿಗೇರಿಯ ರೈತ ಉಳ್ಳಾಗಡ್ಡಿಯ ಎಲೆ ಹಸಿರಾಗಿ ನೆಟ್ಟಗಿರುವಾಗ ಕೀಳಲು ಹೋಗುವುದಿಲ್ಲ. ಕುತ್ತಿಗೆ ಮೆತ್ತಗಾಗಿ ಎಲೆ ತಾನೇ ನೆಲಕ್ಕೆ ಮಲಗುವವರೆಗೆ ಕಾಯುತ್ತಾನೆ. ಕಿತ್ತ ಮೇಲೂ ಎಲೆಯನ್ನೇ ಹೊದಿಸಿ ಹೊಲದಲ್ಲಿ ಒಣಗಿಸಿ, ಕುತ್ತಿಗೆ ಮುಚ್ಚಿಕೊಂಡದ್ದನ್ನು ನೋಡಿ ಕೊಯ್ಯುತ್ತಾನೆ. ಎಲೆಯಲ್ಲಿದ್ದದ್ದು ಗಡ್ಡೆಗೆ ಇಳಿಯಲಿ ಎಂಬ ಅದೇ ಲೆಕ್ಕ ಹೂಕುಂಡಕ್ಕೂ ಸಲ್ಲುತ್ತದೆ. ಹೊಲದಲ್ಲಿ ಅಷ್ಟು ತಾಳ್ಮೆ ತೋರುವ ಮನೆಯಲ್ಲೇ ಕುಂಡದ ಎಲೆಗೆ ಮಾತ್ರ ಯಾಕೆ ಅವಸರ ಎನ್ನುವುದು ತಿಳಿಯದ ಸಂಗತಿ. ಬೀಗರೆಂದು ಎರಡನ್ನೂ ಒಂದೇ ಬುಟ್ಟಿಯಲ್ಲಿ ಮಾತ್ರ ಇಡಬಾರದು. ಕಿತ್ತಿಟ್ಟ ಲಿಲ್ಲಿ ಗಡ್ಡೆ ನೋಡಲು ಥೇಟ್ ಉಳ್ಳಾಗಡ್ಡಿ, ಅಡುಗೆಗೆ ಹೋದರೆ ಮನೆಮಂದಿ ಆಸ್ಪತ್ರೆಗೆ.

ಮಳೆ ಹಿಂದಾಗುವ ಹೊತ್ತಿಗೆ ಕೆಲಸ ಕಡಿಮೆ ಮಾಡುತ್ತ ಬರಬೇಕು. ಗೊಬ್ಬರ ಗಣೇಶ ಚೌತಿಗೆ ನಿಲ್ಲಲಿ. ಶೀಗಿ ಹುಣ್ಣಿವೆಯ ನಂತರ ನೀರಿನ ನಡುವಿನ ಅಂತರ ಹೆಚ್ಚಿಸುತ್ತ ಹೋಗಿ. ಫುಟ್‌ಬಾಲ್ ಲಿಲ್ಲಿಯ ಎಲೆ ದೀಪಾವಳಿಯ ಆಸುಪಾಸಿನಲ್ಲಿ ಹಳದಿಯಾಗಿ ಕುಸಿಯುತ್ತದೆ. ಗಾಬರಿಯಾಗಿ ನೀರು ಸುರಿಯುವವರು ಇದ್ದಾರೆ, ಅದು ಮಲಗುವ ಹೊತ್ತು. ಒಣಗಿದ ಎಲೆ ಮುಟ್ಟಿದರೆ ಕಳಚುವಂತಾದಾಗ ತೆಗೆದು, ಕುಂಡವನ್ನು ಪಡಸಾಲೆಯ ಮೂಲೆಯಲ್ಲೋ ಕೊಟ್ಟಿಗೆಯ ಒಣ ಜಾಗದಲ್ಲೋ ಇಡಿ. ಹಳೆಯ ತೋಟಗಾರರು ಕುಂಡವನ್ನು ಅಡ್ಡ ಮಲಗಿಸುತ್ತಾರೆ, ಯಾರೋ ಮರೆತು ನೀರು ಹಾಕಿದರೂ ಒಳಗೆ ನಿಲ್ಲದಿರಲಿ ಎಂದು. ಕೆಂಪು ಲಿಲ್ಲಿ ಕೆಲವೊಮ್ಮೆ ಎಲೆ ಉದುರಿಸದೆ ಹಟ ಹಿಡಿಯುತ್ತದೆ. ಎಳ್ಳಮಾವಾಸ್ಯೆಯಿಂದ ಆರರಿಂದ ಎಂಟು ವಾರ ನೀರು ನಿಲ್ಲಿಸಿದರೆ ಸಾಕು, ಉಳಿದ ಎಲೆ ಕತ್ತರಿಸುವ ಅಗತ್ಯವಿಲ್ಲ.

ಎಲ್ಲ ಗಡ್ಡೆಗೂ ಇದೇ ಉಪಚಾರ ಎಂದುಕೊಂಡರೆ ಮೋಸ ಹೋಗುತ್ತೇವೆ. ಕೆಂಪು ಲಿಲ್ಲಿಯ ಒಂದೇ ಗಡ್ಡೆ ದಶಕಗಟ್ಟಲೆ ಬದುಕುತ್ತದೆ. ಸುಗಂಧರಾಜದ ಗಡ್ಡೆ ಹಾಗಲ್ಲ: ಒಮ್ಮೆ ಹೂದಂಟು ಕೊಟ್ಟ ಗಡ್ಡೆ ಮತ್ತೆ ಹೂ ಬಿಡುವುದಿಲ್ಲ, ಸುತ್ತ ಹುಟ್ಟಿದ ಮರಿಗಳೇ ಮುಂದಿನ ಸಾಲು. ಹೂ ಮುಗಿದ ಮೇಲೆ ಅಲ್ಲಿ ಸಾಕುವುದು ಮರಿಗಳನ್ನು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಶೃಂಗಾರ, ಸುವಾಸಿನಿ, ಪ್ರಜ್ವಲ್, ವೈಭವ್ ತಳಿಗಳು ಇದೇ ಸ್ವಭಾವದವು. ಶೃಂಗಾರಕ್ಕೆ ಬೇರುಗಂಟು ಹುಳುವನ್ನು ತಡೆಯುವ ಶಕ್ತಿಯಿದೆ, ಹಳೆಯ ಮಣ್ಣಿನ ಕುಂಡಕ್ಕೆ ಅದು ಒಳ್ಳೆಯದು. ಗ್ಲ್ಯಾಡಿಯೋಲಸ್‌ನಲ್ಲಿ ಹಳೆಯ ಗಡ್ಡೆ ಸುಕ್ಕಾಗಿ ಅದರ ನೆತ್ತಿಯ ಮೇಲೆ ಹೊಸದು ಕೂರುತ್ತದೆ. ಯಲ್ಲಾಪುರ, ಶಿರಸಿ ಕಡೆಯ ಹೆಣ್ಣುಮಕ್ಕಳು ಪಂತ ಕಟ್ಟಿದವರಂತೆ ಬೆಳೆಸುವ ಡೇರೆ ಹೂವಿನ ಗಡ್ಡೆಯನ್ನು ಒಡೆಯುವಾಗ ಪ್ರತಿ ತುಂಡಿಗೂ ಹಳೆಯ ಕಾಂಡದ ಬುಡದ ಒಂದು ಕಣ್ಣು ಅಂಟಿರಬೇಕು. ಕಣ್ಣಿಲ್ಲದ ಗಡ್ಡೆ ಎಷ್ಟೇ ದಪ್ಪಗಿದ್ದರೂ ಚಿಗುರುವುದಿಲ್ಲ. ದೇವಿಕೊಪ್ಪದವರಿಗೆ ಆ ಕಡೆಯ ಬೀಗತನ ಇರುವ ಮನೆಗಳಿದ್ದರೆ ಡೇರೆ ವಿದ್ಯೆಯನ್ನು ಅಲ್ಲಿಂದಲೇ ಕಲಿಯುವುದು ಉತ್ತಮ. ಪತ್ರದಲ್ಲಿ ಹೇಳಿ ಮುಗಿಯುವ ವಿದ್ಯೆ ಅದಲ್ಲ. ಇವೆಲ್ಲದರ ನಡುವೆ ಮಳೆ ಲಿಲ್ಲಿಗೆ ಮಾತ್ರ ಯಾರ ಉಪಚಾರವೂ ಬೇಡ.

ಇನ್ನು ಟ್ಯೂಲಿಪ್. ಶಹರದ ಅಂಗಡಿಯಿಂದ ಯಾರಾದರೂ ಚೆಂದದ ಟ್ಯೂಲಿಪ್ ಕುಂಡ ಉಡುಗೊರೆ ತಂದರೆ ಸಂತೋಷದಿಂದ ತೆಗೆದುಕೊಳ್ಳಿ, ಹೂ ನೋಡಿ, ಮುಗಿದ ಮೇಲೆ ತಿಪ್ಪೆಗೆ ಹಾಕಿ. ಈ ಪತ್ರದುದ್ದಕ್ಕೂ ಎಸೆಯಬೇಡಿ ಎಂದು ಹೇಳಿ ಇಲ್ಲಿ ಎಸೆಯಿರಿ ಎನ್ನುವುದು ವಿಚಿತ್ರವೆನಿಸಬಹುದು. ಆದರೆ ಟ್ಯೂಲಿಪ್ ಮೊಗ್ಗಿನ ದಂಟು ಉದ್ದವಾಗಲು ಮೂರು ತಿಂಗಳಿಗೂ ಮಿಕ್ಕಿ 9 ಡಿಗ್ರಿಗಿಂತ ಕೆಳಗಿನ ಚಳಿ ಬೇಕು. ಧಾರವಾಡದ ಚಳಿ ಎಷ್ಟೇ ಕಚ್ಚಿದರೂ ವಾರಗಟ್ಟಲೆ ಹಾಗೆ ನಿಲ್ಲುವುದಿಲ್ಲ. ಶ್ರೀನಗರದ ಟ್ಯೂಲಿಪ್ ತೋಟಕ್ಕೆ ಜಬರವನ್ ಬೆಟ್ಟದ ಬುಡದ ಹಿಮವೇ ಆಸ್ತಿ. ಆ ಚಳಿಯನ್ನು ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿ ಸೃಷ್ಟಿಸಲು ಹೊರಡುವವರಿಗೆ ಶುಭವಾಗಲಿ. ಅಷ್ಟೇ ಕಾಳಜಿಯನ್ನು ಕಟ್ಟೆಯ ಕೆಂಪು ಲಿಲ್ಲಿಗೆ ತೋರಿಸಿದರೆ ಅದರ ಹತ್ತು ಪಾಲು ಹೂ ಸಿಗುತ್ತದೆ. ಆ ಲಿಲ್ಲಿ ಬಡವರ ಹೂವೆಂದು ಮೂಗು ಮುರಿಯುವವರೂ ಉಂಟು. ಜಗತ್ತಿನ ಮೊದಲ ಮಿಶ್ರತಳಿ ಹಿಪ್ಪಿಯಾಸ್ಟ್ರಮ್ ಅನ್ನು 1799ರಲ್ಲಿ ಬೆಳೆಸಿದವನು ದೊಡ್ಡ ಉದ್ಯಾನದ ಒಡೆಯನಾಗಿರಲಿಲ್ಲ. ಇಂಗ್ಲೆಂಡಿನ ಲ್ಯಾಂಕಾಷೈರಿನ ಪ್ರೆಸ್ಕಾಟ್ ಎಂಬ ಊರಿನಲ್ಲಿ ಗಡಿಯಾರ ಮಾಡಿಕೊಂಡಿದ್ದ ಆರ್ಥರ್ ಜಾನ್ಸನ್ ಅವನು. ಕೆಂಪು ದಳದ ನಡುವೆ ಬಿಳಿ ಪಟ್ಟೆ ಎಳೆದ ಆ ತಳಿ ಇಂದಿಗೂ ಅವನ ಹೆಸರಿನಲ್ಲೇ ಇದೆ.

ಶಿವರಾತ್ರಿಗೆ ಮತ್ತೆ ಕೆಲಸ. ಎರಡು-ಮೂರು ವರ್ಷ ಮುಟ್ಟದ ಕೆಂಪು ಲಿಲ್ಲಿ ಕುಂಡವನ್ನು ಬೋರಲು ಹಾಕಿ, ಮಣ್ಣು ಕೊಡವಿ, ಗಡ್ಡೆಗಳನ್ನು ಬಿಡಿಸಬಹುದು. ಬಿಳಿಯಾಗಿ ಗಟ್ಟಿಯಾಗಿರುವ ಬೇರನ್ನು ಕತ್ತರಿಸಬೇಡಿ, ಕಪ್ಪಾಗಿ ಟೊಳ್ಳಾದದ್ದನ್ನು ತೆಗೆಯಿರಿ. ಪದರಗಳ ಸಂದಿಯಲ್ಲಿ ಬಿಳಿ ಹಿಟ್ಟಿನಂಥ ತಿಗಣೆ ಕೂತಿದ್ದರೆ ಒಣ ಸಿಪ್ಪೆ ಸುಲಿದು, ಸೋಪಿನ ನೀರಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಒಂದು ದಿನ ನೆರಳಲ್ಲಿ ಆರಿಸಿ ನೆಡಿ. ನೆಟ್ಟ ದಿನ ಒಂದು ಸಲ ನೀರು. ಚಿಗುರಿನ ಮೂಗು ಕಾಣುವವರೆಗೆ ಮತ್ತೆ ಹೆಚ್ಚು ಬೇಡ.

ಸಂಘದ ವಾರದ ಸಭೆ ಹೇಗೂ ನಡೆಯುತ್ತದೆ. ಶಿವರಾತ್ರಿಯ ಆಸುಪಾಸಿನ ಒಂದು ಸಭೆಗೆ ಪ್ರತಿಯೊಬ್ಬರೂ ಮನೆಯಲ್ಲಿ ಹೆಚ್ಚಾದ ಮರಿಗಡ್ಡೆ ತಂದು ಅದಲು ಬದಲು ಮಾಡಿಕೊಂಡರೆ, ಹುಬ್ಬಳ್ಳಿಯ ನರ್ಸರಿಗೆ ದುಡ್ಡು ಕೊಡದೆ ಊರಿನ ತುಂಬ ಬಣ್ಣ ಹರಡುತ್ತದೆ. ಅದಕ್ಕೆ ಹಿಂದಿನ ಯುಗಾದಿಯಲ್ಲೇ ಒಂದು ತಯಾರಿ ಬೇಕು: ಹೂ ಇರುವಾಗ ಕುಂಡದ ಮೇಲೆ ಬಣ್ಣ ಬರೆದಿಡಿ, ಕೆಂಪು, ಕೇಸರಿ, ಬಿಳಿ ಪಟ್ಟೆ, ಯಾವುದು ಎಂದು. ಮಲಗಿದ ಗಡ್ಡೆಗಳಿಗೆಲ್ಲ ಒಂದೇ ಮುಖ. ಸೇಬಿನ ಗಾತ್ರದ ಗಡ್ಡೆ ಕೊಟ್ಟವರಿಗೆ ಸೇಬಿನ ಗಾತ್ರದ್ದೇ ಸಿಗಲಿ. ನಿಂಬೆಗಾತ್ರದ ಮರಿ ಒಯ್ಯುವವರಿಗೆ ಎರಡು-ಮೂರು ಮಳೆಗಾಲ ಎಲೆಯಷ್ಟೇ ಸಿಗುತ್ತದೆ, ಆ ಮಾತನ್ನು ಕೊಡುವಾಗಲೇ ಹೇಳಿಬಿಡಿ. ಇಲ್ಲದಿದ್ದರೆ ಮುಂದಿನ ಯುಗಾದಿಗೆ "ಹೂ ಬಿಡದ ಗಡ್ಡಿ ಕೊಟ್ಟಳು" ಎಂಬ ತಕರಾರು ಸಂಘದ ಸಭೆಗೇ ಬರುತ್ತದೆ, ಸಾಲದ ಕಂತಿನ ಲೆಕ್ಕ ಹಿಂದೆ ಬೀಳುತ್ತದೆ.

ಇಂತಿ,
ಕುಂಡಗಳ ಕಡೆಯ ಒಬ್ಬರು